ಶಿಶುವಿನ ಹೆಸರಿನ ಕಾಗುಣಿತ

ತುಮಕೂರಿನ ಶಿರಾ ಗೇಟಿನಲ್ಲಿ ಮೊನ್ನೆ ನಾಮಕರಣವೊಂದಕ್ಕೆ ಹೋಗಿದ್ದೆವು. ಮನೆದೇವರು ಕುಣಿಗಲ್ ಸೀಮೆಯ ಎಡೆಯೂರು ಸಿದ್ಧಲಿಂಗೇಶ್ವರನು. ಶಿಶುವಿಗೂ ಸಿದ್ಧಲಿಂಗನೆಂದೇ ಹೆಸರಾಯಿತು. ಪರದೇಶದಿಂದ ಬಂದಿದ್ದ ಸೋದರಮಾವನು ಇದನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯುವಿರೆಂದೊಡನೆ ಎಲ್ಲರೂ ಸುಮ್ಮನಾದರು. ಸಿದ್ಧನೆಂದರೆ ಸಿದ್ಧಿ ಪಡೆದವನು. ಕನ್ನಡದಲ್ಲಿಯೇ ಕೆಲವರು ಮಹಾಪ್ರಾಣವನ್ನು ಬಿಟ್ಟು 'ಸಿದ್ದ' ಎಂದು ಬರೆಯುವರು; ರೋಮನ್ ಲಿಪಿಯಲ್ಲಾದರೋ ದಕಾರ ಡಕಾರಗಳೆರಡಕ್ಕೂ ಒಂದೇ ಅಕ್ಷರ. ಅಜ್ಜನ ಪತ್ರಗಳಲ್ಲಿ ಒಂದು ರೂಪ, ತಂದೆಯವುಗಳಲ್ಲಿ ಮತ್ತೊಂದು. (ನಮ್ಮ ತುಮಕೂರೇ 2014ರಲ್ಲಿ ಇಂಗ್ಲಿಷಿನಲ್ಲಿ ಎರಡಕ್ಷರ ಬೆಳೆಯಿತಲ್ಲವೆ!)

1-10-2023ರಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಗೂ ಪಾಸ್‌ಪೋರ್ಟಿಗೂ ಜನನ ಪತ್ರವೇ ಆಧಾರ. ಹೆಸರಿಲ್ಲದೆ ಜನನವನ್ನು ನೋಂದಾಯಿಸಿದ್ದರೂ ಒಂದು ವರುಷದೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಆದುದರಿಂದ ಗೃಹಸ್ಥರು ಅವಸರಪಡದೆ ಎರಡು ಲಿಪಿಗಳಲ್ಲಿಯೂ ಹೆಸರನ್ನು ಬರೆದು, ಮನೆಯ ಪತ್ರಗಳೊಡನೆ ಹೋಲಿಸಿ, ಆಮೇಲೆ ಕಚೇರಿಗೆ ಕೊಡತಕ್ಕದ್ದು. ಈ ಮನೆಯವರು ಅಜ್ಜನ ರೂಪವನ್ನೇ ಆರಿಸಿಕೊಂಡರು.