ಗೋಡೆಯ ಮೇಲೆ ಮೂರು ಬಿಳಿ ಗೆರೆ

ನಮ್ಮ ಪತ್ರಿಕೆಯ ಕಚೇರಿಗೆ ಬರುವ ದಾರಿಯಲ್ಲಿ ಒಂದು ಉದ್ದನೆಯ ಕಾಂಪೌಂಡು ಗೋಡೆಯಿದೆ. ಅದರ ಮೇಲ್ಭಾಗದಲ್ಲಿ ಮಾಸಿದ ಹಸಿರು, ಕೆಳಗೆ ಆನೆಯ ಬೆನ್ನಿನಂಥ ಕಪ್ಪು, ನಡುವೆ ನೆಟ್ಟಗೆ ಇಳಿದ ಮೂರು ಬಿಳಿ ಗೆರೆ. ಬೀದಿಯ ಹುಡುಗರಿಗೆ ಅದು ವಿಕೆಟ್ಟು. ಸಂಜೆಯಾದರೆ ಚೆಂಡು ಅಲ್ಲಿಗೇ ಬಡಿಯುತ್ತದೆ. ಪಕ್ಕದಲ್ಲಿ ಹೂ ಮಾರುವ ತಾಯಿಗೆ ಅದು ತಿಮ್ಮಪ್ಪನ ನಾಮ. ವ್ಯಾಪಾರಕ್ಕೆ ಕೂರುವ ಮೊದಲು ಒಂದು ಸೇವಂತಿಗೆಯನ್ನು ಗೋಡೆಯ ಬುಡಕ್ಕಿಡುತ್ತಾರೆ.

ನನ್ನ ಕಣ್ಣಿಗೆ ಅದು ಜೋಗ ಜಲಪಾತ. ಆ ಚಿತ್ರ ಗೋಡೆಗೆ ಬಂದದ್ದು ಹೀಗೆ. ಪೋಸ್ಟರುಗಳ ಹಾವಳಿ ತಡೆಯಲು 1981ರ ಕಾಯ್ದೆಯಿದ್ದರೂ ಗೋಡೆಗಳು ಚೊಕ್ಕಟವಾಗಿರಲಿಲ್ಲ. 2009ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಮುಖ್ಯ ರಸ್ತೆಗಳ ಗೋಡೆಗಳ ಮೇಲೆ ಚಿತ್ರ ಬರೆಸಿತು: ಹಂಪಿಯ ಕಲ್ಲಿನ ರಥ, ಮೈಸೂರು ಅರಮನೆ, ಜೋಗ. ಬರೆದವರು ಅಂಗಡಿ ಬೋರ್ಡು, ಸಿನಿಮಾ ಬ್ಯಾನರುಗಳಲ್ಲಿ ಕೈ ಪಳಗಿಸಿಕೊಂಡವರು. ಅಷ್ಟರಲ್ಲಾಗಲೇ ಫ್ಲೆಕ್ಸ್ ಬಂದು ಅವರ ಅನ್ನ ಕಿತ್ತುಕೊಂಡಿತ್ತು.

ಜೋಗಕ್ಕೆ ನಾಲ್ಕು ಧಾರೆ: ರಾಜಾ, ರಾಣಿ, ರೋರರ್, ರಾಕೆಟ್. ನಾಲ್ಕನೆಯದು ಎಲ್ಲಿ ಹೋಯಿತೆಂದು ಹತ್ತಿರ ಹೋಗಿ ನೋಡಿದೆ. ಬಲಗಡೆ ಗಾರೆ ಬಿದ್ದು ಇಟ್ಟಿಗೆ ಕಾಣುತ್ತಿದೆ. ನೆಲದ ತೇವ ಇಟ್ಟಿಗೆಗೆ ಏರಿ, ಜೊತೆಗೆ ಉಪ್ಪನ್ನೂ ತಂದು, ಬಣ್ಣದ ಪದರವನ್ನು ಒಳಗಿನಿಂದಲೇ ಎಬ್ಬಿಸಿದೆ. ಬೆರಳು ತಾಗಿಸಿದರೆ ಹಪ್ಪಳದ ಚೂರಿನಂತೆ ಉದುರುತ್ತದೆ. ಆ ಅಂಚಿನಲ್ಲಿ ಒಂದು ಕುಂಚದೆಳೆ ಮಾತ್ರ ಉಳಿದಿದೆ: ಮೇಲೆ ಗಟ್ಟಿಯಾಗಿ ಹೊರಟು, ಇಳಿಯುತ್ತ ತೆಳುವಾಗಿ, ಕೊನೆಗೆ ಒಣ ಕುಂಚದ ಹನಿಗಳಾಗಿ ಚದುರಿದೆ. ಒಂದೇ ಬೀಸಿನಲ್ಲಿ ನೀರನ್ನು ಬೀಳಿಸಬಲ್ಲ ಕೈ ಅದು.

ಹಾಗಾದರೆ ವಿಕೆಟ್ಟು, ನಾಮ ಎಂದವರದು ತಪ್ಪೇ? ತಾಳೆಗರಿ ಓದುವ ವಿದ್ವಾಂಸರು ಹುಳು ತಿಂದ ಕಡೆ ಒಂದು ಪಾಠವನ್ನು ಆರಿಸಿಕೊಂಡರೂ ಉಳಿದ ಪಾಠಾಂತರಗಳನ್ನು ಎಸೆಯುವುದಿಲ್ಲ, ಅಡಿಯಲ್ಲಿ ಕೊಡುತ್ತಾರೆ. ಗೋಡೆಯನ್ನೂ ಹಾಗೆಯೇ ಓದಬೇಕು. ಜೋಗ ಮೂಲಪಾಠವಿರಬಹುದು, ಆದರೆ ಇಷ್ಟು ವರ್ಷ ಅದರೊಂದಿಗೆ ಬಾಳಿದವರು ಆ ಹುಡುಗರು, ಆ ತಾಯಿ. ಅವರ ಓದೂ ಈಗ ಚಿತ್ರದ ಭಾಗ.

ನನ್ನನ್ನು ಕಾಡುವುದು ಬೇರೆಯದೇ. ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಹುಡುಕಿದೆ, ಬರೆದವರ ಹೆಸರಿಲ್ಲ. ಮುಂದಿನ ಸಲ ಸುಣ್ಣ ಬಳಿಯುವ ಹೊತ್ತಿಗೆ ಆ ಕುಂಚದೆಳೆಯೂ ಇರುವುದಿಲ್ಲ.

ಓದುಗರಲ್ಲಿ ಒಂದು ವಿನಂತಿ. ನಿಮ್ಮ ಬೀದಿಯಲ್ಲೂ ಇಂಥ ಗೋಡೆಯಿದ್ದರೆ ಒಂದು ಫೋಟೋ ತೆಗೆಯಿರಿ, ಅಕ್ಕಪಕ್ಕದವರು ಅದನ್ನು ಏನೆಂದು ಕರೆಯುತ್ತಾರೆಂದು ಕೇಳಿ. ಬರೆದ ಕಲಾವಿದರು ಯಾರೆಂದು ತಿಳಿದರೆ, ಅವರ ಒಪ್ಪಿಗೆ ಪಡೆದು, ಹೆಸರನ್ನು ನಮಗೆ ತಿಳಿಸಿ. ಪತ್ರಿಕೆಯಲ್ಲಿ ಗೌರವದಿಂದ ಅಚ್ಚು ಹಾಕುತ್ತೇವೆ.