ಎಂಟು ಸಲ ಗೆದ್ದ ಕ್ಲಬ್ ಎಲ್ಲಿಗೆ ಹೋಯ್ತು?

2025ರ ಜನವರಿಯಲ್ಲಿ ಚೀನಾದ ಒಂದು ಫುಟ್‌ಬಾಲ್ ಕ್ಲಬ್ ಬಾಗಿಲು ಮುಚ್ಚಿತು. ಯಾವುದೋ ಸಣ್ಣಪುಟ್ಟ ಕ್ಲಬ್ ಅಲ್ಲ. ಎಂಟು ಸಲ ಚೀನಾದ ಸೂಪರ್ ಲೀಗ್, ಎರಡು ಸಲ ಏಷ್ಯಾದ ಚಾಂಪಿಯನ್ಸ್ ಲೀಗ್ ಗೆದ್ದ ಗುವಾಂಗ್‌ಝೌ ಎಫ್‌ಸಿ! ಹಳೇ ಸಾಲ ತೀರಿಸೋಕೆ ದುಡ್ಡು ಹೊಂದಲಿಲ್ಲ, ಹಾಗಾಗಿ ಆಡೋಕೆ ಲೈಸೆನ್ಸೇ ಸಿಗಲಿಲ್ಲ. ಹಾಸ್ಟೆಲ್‌ನಲ್ಲಿ ನಿದ್ದೆಗೆಟ್ಟು ಯುರೋಪಿನ ಮ್ಯಾಚ್ ನೋಡೋ ನಾವು ಈ ಸುದ್ದಿಯನ್ನ ಅಷ್ಟಾಗಿ ಗಮನಿಸಲಿಲ್ಲ. ಆದ್ರೆ ಇಂಜಿನಿಯರಿಂಗ್ ಓದೋರು ಗಮನಿಸಲೇಬೇಕಾದ ಕತೆ ಇದು.

ಈ ಕ್ಲಬ್‌ನ ಬೇರು 1954ರಷ್ಟು ಹಳೆಯದು. 2010ರಲ್ಲಿ ಮ್ಯಾಚ್ ಫಿಕ್ಸಿಂಗ್ ಹಗರಣದಿಂದಾಗಿ ಅದನ್ನ ಎರಡನೇ ದರ್ಜೆಯ ಲೀಗ್‌ಗೆ ಇಳಿಸಿದರು. ಅದೇ ವರ್ಷ ಎವರ್‌ಗ್ರಾಂಡ್ ಅನ್ನೋ ರಿಯಲ್ ಎಸ್ಟೇಟ್ ಕಂಪನಿ 10 ಕೋಟಿ ಯುವಾನ್ ಕೊಟ್ಟು ಅದನ್ನ ಕೊಂಡುಕೊಂಡಿತು. ಆಮೇಲೆ ನಡೆದದ್ದು ಸಿನಿಮಾ ಕತೆ. ಮೇಲಿನ ಲೀಗ್‌ಗೆ ವಾಪಸ್ ಬಂದ ಮೊದಲ ವರ್ಷವೇ, ಅಂದ್ರೆ 2011ರಲ್ಲೇ ಚಾಂಪಿಯನ್. ಅಲ್ಲಿಂದ 2017ರ ತನಕ ಸತತ ಏಳು ಸಲ ಅವರೇ! ಇಟಲಿಗೆ ವಿಶ್ವಕಪ್ ಗೆದ್ದುಕೊಟ್ಟಿದ್ದ ಮಾರ್ಚೆಲೋ ಲಿಪ್ಪಿ 2012ರಲ್ಲಿ ಕೋಚ್ ಆಗಿ ಬಂದರು. 2013ರಲ್ಲಿ ಏಷ್ಯಾ ಕಪ್ಪೂ ಬಂತು. 2014ರಲ್ಲಿ ಅಲಿಬಾಬಾ ಕಂಪನಿ 120 ಕೋಟಿ ಯುವಾನ್ ಕೊಟ್ಟು ಅರ್ಧ ಪಾಲು ತಗೊಂಡಿತು. 2020ರಲ್ಲಿ ಕಮಲದ ಆಕಾರದ, ಒಂದು ಲಕ್ಷ ಜನ ಕೂರೋ ಸ್ಟೇಡಿಯಂಗೆ ಕೆಲಸ ಶುರುವಾಯ್ತು.

ಇಷ್ಟೆಲ್ಲಾ ದುಡ್ಡು ಎಲ್ಲಿಂದ ಬಂತು? ಎವರ್‌ಗ್ರಾಂಡ್ ಸಾಲ ಎತ್ತಿ ಜಾಗ ಕೊಳ್ತಿತ್ತು, ಕಟ್ಟೋದಕ್ಕೆ ಮುಂಚೆಯೇ ಫ್ಲ್ಯಾಟ್ ಮಾರ್ತಿತ್ತು, ಮತ್ತೆ ಸಾಲ ಮಾಡಿ ಇನ್ನೊಂದು ಜಾಗ ಕೊಳ್ತಿತ್ತು. 2020ರಲ್ಲಿ ಸರ್ಕಾರ ಇಂಥ ಸಾಲಕ್ಕೆ ಮಿತಿ ಹಾಕಿದ್ದೇ ತಡ, ಚಕ್ರ ನಿಂತುಹೋಯ್ತು. ಮುಂದಿನ ವರ್ಷ ಕಂಪನಿ ಸಾಲದ ಕಂತು ಕಟ್ಟಲಾಗದೆ ಕೈಚೆಲ್ಲಿತು. ಅಷ್ಟೊತ್ತಿಗೆ ಅದರ ತಲೆ ಮೇಲೆ 30,000 ಕೋಟಿ ಡಾಲರ್‌ಗೂ ಹೆಚ್ಚು ಹೊರೆ ಇತ್ತು. ಸ್ಟೇಡಿಯಂ ಅರ್ಧಕ್ಕೇ ನಿಂತಿತು. 2022ರ ಕೊನೆಗೆ ತಂಡ ಮತ್ತೆ ಎರಡನೇ ದರ್ಜೆಗೆ ಇಳಿಯಿತು.

ನಮ್ಮ ಕ್ಲಾಸಲ್ಲಿ ‘ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್’ ಅಂತ ಹೇಳಿಕೊಡ್ತಾರಲ್ಲ, ಅದು ಇದೇ. ಇಡೀ ಕಟ್ಟಡದ ಭಾರ ಒಂದೇ ಕಂಬದ ಮೇಲೆ.

“ಆ ದುಡ್ಡು ಇಲ್ದಿದ್ರೆ ಒಂದು ಕಪ್ಪೂ ಬರ್ತಿರಲಿಲ್ವಲ್ಲ?” ಅಂತ ನೀವು ಕೇಳಬಹುದು. ನಿಜ, ಒಪ್ತೀನಿ. ದುಡ್ಡು ಹಾಕಿದ್ದು ತಪ್ಪಲ್ಲ. ಕ್ಲಬ್‌ನ ಉಳಿವು ಅಳಿವನ್ನೂ ಆ ಒಂದೇ ಕಂಪನಿಯ ಕೈಗೆ ಕೊಟ್ಟದ್ದು ತಪ್ಪು. ಜರ್ಮನಿಯಲ್ಲಿ ಹೂಡಿಕೆದಾರರು ಎಷ್ಟೇ ದೊಡ್ಡವರಿರಲಿ, ಮತದ ಬಹುಪಾಲು ಕ್ಲಬ್‌ನ ಸದಸ್ಯರ ಕೈಯಲ್ಲೇ ಇರಬೇಕು ಅನ್ನೋ ನಿಯಮ ಇದೆ. ಕೆಲವೇ ಕ್ಲಬ್‌ಗಳಿಗೆ ಮಾತ್ರ ವಿನಾಯಿತಿ. ಗುವಾಂಗ್‌ಝೌನಲ್ಲಿ ಕೆಂಪು ಜೆರ್ಸಿ ಹಾಕ್ಕೊಂಡು ಸ್ಟೇಡಿಯಂ ತುಂಬಿಸಿದವರಿಗೆ ಅಂಥ ಹಕ್ಕೇ ಇರಲಿಲ್ಲ.

ಗುವಾಂಗ್‌ಝೌ ಒಂದೇ ಅಲ್ಲ. ಅದಕ್ಕೂ ಮುಂಚೆ, 1990ರಲ್ಲಿ ಏಷ್ಯಾ ಚಾಂಪಿಯನ್ ಆಗಿದ್ದ ಲಿಯಾವೊನಿಂಗ್ ಕ್ಲಬ್ 2020ರಲ್ಲೇ ಮುಚ್ಚಿತ್ತು. ಜಿಯಾಂಗ್ಸು ಪ್ರಾಂತ್ಯದ ತಂಡವಂತೂ 2020ರ ನವೆಂಬರ್‌ನಲ್ಲಿ ಸೂಪರ್ ಲೀಗ್ ಗೆದ್ದು, ನಾಲ್ಕು ತಿಂಗಳೊಳಗೆ ಆಟ ನಿಲ್ಲಿಸಿತು. ಅದರ ಮಾಲೀಕರೂ ಒಂದು ದೊಡ್ಡ ಕಂಪನಿಯೇ.

ಆದ್ರೆ ಅದೇ ಜಿಯಾಂಗ್ಸುವಿನಲ್ಲಿ 2025ರಲ್ಲಿ ಇನ್ನೊಂದು ಲೀಗ್ ಶುರುವಾಯ್ತು. 13 ಊರುಗಳ 13 ತಂಡ. ಆಡೋರಲ್ಲಿ ಹೆಚ್ಚಿನವರು ಹವ್ಯಾಸಿಗಳು, ಕಾಲೇಜು ಹುಡುಗರೂ ಇದ್ದರು. ನಾನ್‌ಜಿಂಗ್‌ನ ಒಂದು ಪಂದ್ಯಕ್ಕೆ 60,000ಕ್ಕೂ ಹೆಚ್ಚು ಜನ ಬಂದರು! ಸ್ಟಾರ್ ಆಟಗಾರರಿಲ್ಲ, ಲಿಪ್ಪಿಯಂಥ ಕೋಚ್ ಇಲ್ಲ. ಜನ ಬಂದದ್ದು ತಮ್ಮ ಊರಿನ ಹೆಸರಿಗೆ.

ನಾಳೆ ನಾವೂ ಕಂಪನಿ ಕಟ್ತೀವಿ, ತಂಡ ಕಟ್ತೀವಿ. ಅಷ್ಟೇ ಯಾಕೆ, ಈ ವರ್ಷವೇ ಫೆಸ್ಟ್‌ಗೆ ಸ್ಪಾನ್ಸರ್ ಹುಡುಕ್ತೀವಿ. ದೊಡ್ಡ ಚೆಕ್ ಬಂದಾಗ ಖುಷಿಪಡೋಣ. ಜೊತೆಗೆ ಒಂದು ಪ್ರಶ್ನೆನೂ ಕೇಳ್ಕೊಳ್ಳೋಣ: ಇವರು ಮುಂದಿನ ವರ್ಷ ಬರದಿದ್ರೆ ನಮ್ಮ ಹತ್ರ ಏನು ಉಳಿಯುತ್ತೆ?