ಡಿಶ್ ಹಾಕಿಸುವ ಮುನ್ನ ಪಟ್ಟಿ ಕೇಳಿ!

ಪಟ್ಟಣದ ಗೆಳೆಯರೇ, ಕೇಬಲ್ ಕಿತ್ತು ಡಿಶ್ ಹಾಕಿಸಲು ಹೊರಟಿದ್ದೀರಾ? ತುಸು ನಿಲ್ಲಿ. ನಮ್ಮ ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಸತ್ತೇಗಾಲದ ನನ್ನ ಮನೆಯ ಟಿ.ವಿ. ಮಾತ್ರ ಮೊನ್ನೆಯವರೆಗೂ ಅಲ್ಲೇ ಇತ್ತು! ಕೇಬಲ್‌ನವನು ಕೊಟ್ಟ ಪ್ಯಾಕಿನಲ್ಲಿ ಅರ್ಧಕ್ಕರ್ಧ ತಮಿಳು. ಬೇಸತ್ತು ಒಂದು ಡಿಶ್ ಕಂಪನಿಗೆ ಫೋನ್ ಮಾಡಿದೆ. ಮಾತೂ ಹಿಂದಿ, ಪ್ಯಾಕೂ ಹಿಂದಿ! ಕೇಬಲ್‌ನವನಾದರೋ ನಮ್ಮೂರ ಹುಡುಗ, ಬೀದಿಯಲ್ಲಿ ತಡೆದು ಕೇಳಬಹುದು. ಆಕಾಶದವನನ್ನು ಎಲ್ಲಿ ತಡೆಯುವುದು?

2019ರಿಂದ ಟ್ರಾಯ್ ನಿಯಮ ಜಾರಿಯಲ್ಲಿದೆ. ಕೇಬಲ್ಲಾಗಲಿ ಡಿಶ್ಶಾಗಲಿ, ಬೇಕಾದ ಚಾನೆಲ್ಲನ್ನು ಬಿಡಿಯಾಗಿ ಆರಿಸಿಕೊಳ್ಳಬಹುದು. ಕನ್ನಡ ಚಾನೆಲ್‌ಗಳ ಪಟ್ಟಿಯನ್ನು ನನ್ನ ಪ್ರೆಸ್ಸಿನಲ್ಲೇ ಅಚ್ಚು ಹಾಕಿ ಹುಡುಗನ ಕೈಗಿಟ್ಟೆ. ತಲೆ ಕೆರೆದುಕೊಂಡ, ಹಾಕಿಕೊಟ್ಟ. ತಂತಿ ಉಳಿಯಿತು. ತಿಂಗಳ ಬಾಡಿಗೆ ಭಾರವೆನ್ನುವವರಿಗೆ 2004ರಲ್ಲಿ ಶುರುವಾದ ದೂರದರ್ಶನದ ಉಚಿತ ಡಿಶ್ ಇದೆ, ಚಂದನ ಬರುತ್ತದೆ. ನನ್ನ ಪಟ್ಟಿಯ ಪ್ರತಿಗಳು ಇನ್ನೂ ಉಳಿದಿವೆ, ಈ ಕಡೆ ಬಂದರೆ ಒಯ್ಯಿರಿ.